ಓದುಗರ ಪ್ರಶ್ನೆ: ಆ ಮೊಟ್ಟೆಗಳ ಮೇಲೆ ಕೂತಿದ್ದು ಕಳ್ಳ ಅಲ್ಲ

ಹೋದ ಸಂಚಿಕೇಲಿ ಮಂಗೋಲಿಯಾದ ಗೋಬಿ ಮರುಭೂಮಿಯ ಜಡೋಖ್ತ ಅನ್ನೋ ಶಿಲಾಸ್ತರದ ಬಗ್ಗೆ ಅರ್ಧ ಪುಟ ಬರೆದಿದ್ದೆ. 7 ಕೋಟಿ ವರ್ಷಕ್ಕೂ ಹಳೇ ಕೆಂಪು ಮರಳುಗಲ್ಲು, ಅದರಲ್ಲಿ ಸಿಕ್ಕಿರೋ ಡೈನೋಸಾರ್ ಮೂಳೆಗಳು, ಜೊತೆಗೆ ಮೊಟ್ಟೆಗಳ ಮೇಲೆ ಕೂತ ಹಾಗೇ ಕಲ್ಲಾಗಿ ಹೋಗಿರೋ ಒಂದು ಪ್ರಾಣಿಯ ಫೋಟೋ. ಬಂದಿರೋ ಪತ್ರ, ಮೆಸೇಜುಗಳಲ್ಲಿ ಮುಕ್ಕಾಲು ಪಾಲು ಆ ಫೋಟೋ ನೋಡಿ ಬರೆದಿದ್ದೇ. ಹಾಗಾಗಿ ಈ ಸಲ ಬೇರೆ ಪ್ರಶ್ನೆ ಯಾವುದೂ ತಗೊಂಡಿಲ್ಲ, ಅಂಕಣ ಪೂರ್ತಿ ಗೋಬಿಗೇ.

ಪ್ರಶ್ನೆ: ನಾನು ಹೈಸ್ಕೂಲ್ ಟೀಚರ್. ಆ ಪ್ರಾಣಿ ಬೇರೆ ಡೈನೋಸಾರ್ ಮೊಟ್ಟೆ ಕದಿಯೋಕೆ ಬಂದಿದ್ದ ಕಳ್ಳ ಅಂತ ಹಳೇ ಪುಸ್ತಕ ಒಂದರಲ್ಲಿ ಓದಿದ್ದೆ, ಮಕ್ಕಳಿಗೂ ಹಾಗೇ ಹೇಳಿಬಿಟ್ಟಿದ್ದೀನಿ. ನೀವು ನೋಡಿದ್ರೆ ಕಾವು ಕೂತಿತ್ತು ಅಂತ ಬರೆದಿದ್ದೀರಿ. ಯಾವುದು ಸರಿ? (ಹಾವೇರಿಯಿಂದ)

ಉತ್ತರ: ಮೇಡಂ, ನೀವು ಓದಿದ ಪುಸ್ತಕ ಸುಳ್ಳು ಬರೆದಿಲ್ಲ, ಆಗ ಎಲ್ಲರೂ ನಂಬಿದ್ದನ್ನೇ ಬರೆದಿದೆ, ಮತ್ತೆ ಆ ನಂಬಿಕೆ ಸುಮಾರು 70 ವರ್ಷ ಹಾಗೇ ಉಳ್ಕೊಂಡಿತ್ತು. ಕಥೆ ಶುರುವಾಗೋದು 1922ರಲ್ಲಿ. ನ್ಯೂಯಾರ್ಕಿನ ಅಮೆರಿಕನ್ ಮ್ಯೂಸಿಯಂ ಆಫ್ ನ್ಯಾಚುರಲ್ ಹಿಸ್ಟರಿಯಿಂದ ರಾಯ್ ಚಾಪ್ಮನ್ ಆಂಡ್ರೂಸ್ ಅನ್ನೋರು ಕಾರುಗಳನ್ನ ತಗೊಂಡು ಗೋಬಿಗೆ ಹೊರಟರು, ಅವರಿಗೆ ಬೇಕಾದ ಪೆಟ್ರೋಲು, ಆಹಾರ ಎಲ್ಲಾ ಒಂಟೆ ಮೇಲೆ ಹೋಗ್ತಿತ್ತು. ಹುಡುಕೋಕೆ ಹೋಗಿದ್ದು ಆದಿಮಾನವನ ಮೂಲವನ್ನ, ಅದು ಸಿಗಲಿಲ್ಲ. ದಾರಿ ಕೇಳೋಕೆ ಅಂತ ಗಾಡಿ ನಿಲ್ಲಿಸಿದಾಗ ತಂಡದ ಫೋಟೋಗ್ರಾಫರ್ ಶ್ಯಾಕಲ್‌ಫರ್ಡ್ ಸುಮ್ನೆ ನಡ್ಕೊಂಡು ಹೋದರು, ಸಮತಟ್ಟು ನೆಲ ಇದ್ದಕ್ಕಿದ್ದ ಹಾಗೆ ಮುಗಿದು ಕೆಳಗೆ ಕೆಂಪು ಕೊರಕಲು ಕಾಣಿಸ್ತು, ಇಳಿದು ನೋಡಿದ್ರೆ ಒಂದು ಬುರುಡೆ. ಅದೇ ಬಯಾನ್‌ಜಾಗ್, ಸಂಜೆ ಬಿಸಿಲಿಗೆ ಕೆಂಡದ ಹಾಗೆ ಹೊಳೆಯೋದು ನೋಡಿ ಆಂಡ್ರೂಸ್ ಅದನ್ನ ಉರಿಯೋ ಬಂಡೆಗಳು ಅಂತ ಕರೆದರು.

ಮಾರನೇ ವರ್ಷ, 1923ರಲ್ಲಿ, ಅದೇ ಜಾಗದಲ್ಲಿ ಜಾರ್ಜ್ ಓಲ್ಸೆನ್ ಅನ್ನೋರಿಗೆ ಮೊಟ್ಟೆಗಳು ಸಿಕ್ಕವು. ಉದ್ದುದ್ದ ಮೊಟ್ಟೆ, ಬ್ರೆಡ್ಡಿನ ಸಣ್ಣ ಲೋಫ್ ಥರ. ಸುತ್ತಮುತ್ತ ಎಲ್ಲಿ ನೋಡಿದ್ರೂ ಪ್ರೊಟೊಸೆರಾಟಾಪ್ಸ್ ಅನ್ನೋ ಕುರಿ ಗಾತ್ರದ, ಗಿಳಿ ಕೊಕ್ಕಿನ ಡೈನೋಸಾರ್ ಮೂಳೆಗಳೇ ಇದ್ವು, ಹಾಗಾಗಿ ಮೊಟ್ಟೆನೂ ಅದರದ್ದೇ ಅಂತ ತೀರ್ಮಾನ ಮಾಡಿಬಿಟ್ರು. ಒಂದು ಗೂಡಿನ ಮೇಲೆ ಬರೀ ನಾಲ್ಕು ಇಂಚು ಮರಳು ಬಿಟ್ಟು ಇನ್ನೊಂದು ಪ್ರಾಣಿ ಬಿದ್ದಿತ್ತು, ಹಲ್ಲಿಲ್ಲದ ಬಾಯಿ, ಉದ್ದ ಕೈಬೆರಳು. ಮೊಟ್ಟೆ ಕದಿಯುವಾಗ ಸಿಕ್ಕಿಹಾಕ್ಕೊಂಡು ಸತ್ತಿದೆ ಅಂದ್ಕೊಂಡು ಅದೇ ಮ್ಯೂಸಿಯಂನ ಮುಖ್ಯಸ್ಥ ಹೆನ್ರಿ ಓಸ್ಬಾರ್ನ್ 1924ರಲ್ಲಿ ಅದಕ್ಕೆ ಓವಿರಾಪ್ಟರ್ ಅಂತ ಹೆಸರಿಟ್ರು, ಅಂದ್ರೆ ಮೊಟ್ಟೆ ಕಸಿಯೋದು. ಈ ಹೆಸರು ಪ್ರಾಣಿಯ ಸ್ವಭಾವದ ಬಗ್ಗೆ ನಮ್ಮನ್ನ ದಾರಿ ತಪ್ಪಿಸಬಹುದು ಅಂತ ಓಸ್ಬಾರ್ನ್ ಆಗಲೇ ಬರೆದಿದ್ರು, ಆದ್ರೆ ಆ ಮಾತು ಯಾರ ಕಿವಿಗೂ ಬೀಳಲಿಲ್ಲ, ಹೆಸರು ಮಾತ್ರ ಎಲ್ಲಾ ಪುಸ್ತಕಕ್ಕೂ ಹೋಯ್ತು.

1993ರಲ್ಲಿ ಅದೇ ಮ್ಯೂಸಿಯಂ ಮತ್ತೆ ಮಂಗೋಲಿಯಾದ ವಿಜ್ಞಾನ ಅಕಾಡೆಮಿ ಸೇರಿ ಮಾಡ್ತಿದ್ದ ಹುಡುಕಾಟದಲ್ಲಿ ಬಯಾನ್‌ಜಾಗ್‌ನಿಂದ ಇನ್ನೂ ಪಶ್ಚಿಮಕ್ಕೆ ಉಖಾ ತೋಲ್ಗೋದ್ ಅನ್ನೋ ಜಾಗ ಸಿಕ್ತು. ಅಲ್ಲಿ ಮಾರ್ಕ್ ನೊರೆಲ್ ಅವರಿಗೆ ಒಡೆದಿದ್ದ ಒಂದು ಮೊಟ್ಟೆ ಸಿಕ್ತು, ಓಲ್ಸೆನ್ ಕಂಡಿದ್ದ ಮೊಟ್ಟೆಯ ಜಾತೀದೇ, ಒಳಗೆ ಮರಿಯ ಪುಟಾಣಿ ಮೂಳೆಗಳು ಮುದುರಿಕೊಂಡು ಕೂತಿದ್ವು. ಆ ಮರಿ ಪ್ರೊಟೊಸೆರಾಟಾಪ್ಸ್ ಅಲ್ಲ, ಓವಿರಾಪ್ಟರ್ ಕುಟುಂಬದ್ದು! ಅಂದ್ರೆ 1923ರ ಆ 'ಕಳ್ಳ' ಬಿದ್ದಿದ್ದು ತನ್ನದೇ ಮೊಟ್ಟೆಗಳ ಮೇಲೆ. ನಾವು ಹಾಕಿದ್ದ ಫೋಟೋದಲ್ಲಿರೋದೂ ಅದೇ 1993ರಲ್ಲಿ ಸಿಕ್ಕಿದ್ದೇ. ಇನ್ನೊಂದ್ಸಲ ಆ ಫೋಟೋ ತೆಗೆದು ನಿಧಾನಕ್ಕೆ ನೋಡಿ. ತಲೆ, ಕುತ್ತಿಗೆ ಸವೆದು ಹೋಗಿವೆ, ಆದ್ರೆ ಕಾಲು ಎರಡೂ ಮಡಚಿ ಗೂಡಿನ ನಟ್ಟನಡುವೆ ಇಟ್ಟಿದೆ, ಸುತ್ತಲೂ ಮೊಟ್ಟೆಗಳು ಜೋಡಿ ಜೋಡಿಯಾಗಿ ವೃತ್ತಾಕಾರದಲ್ಲಿ ಇವೆ, ಎರಡೂ ತೋಳು ಅಗಲಕ್ಕೆ ಚಾಚಿ ಮೊಟ್ಟೆಗಳ ಸಾಲನ್ನ ತಬ್ಬಿಕೊಂಡಿದೆ. ಹಿತ್ತಲಲ್ಲಿ ಕೋಳಿ ಕಾವಿಗೆ ಕೂರಿಸಿದವರಿಗೆ ಈ ಭಂಗಿ ಏನು ಅಂತ ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ.

ಈ ಪ್ರಾಣಿಗೆ 2001ರಲ್ಲಿ ಇಟ್ಟ ಹೆಸರು ನಮಗೆ ಬಾಯಿಗೆ ಸಲೀಸು, ಚಿತಿಪತಿ. ಚಿತೆಗೆ ಒಡೆಯ. ಟಿಬೆಟಿನ ಬೌದ್ಧ ಸಂಪ್ರದಾಯದಲ್ಲಿ ಸ್ಮಶಾನ ಕಾಯೋ, ಕುಣಿಯೋ ಜೋಡಿ ಅಸ್ಥಿಪಂಜರಗಳಿಗೆ ಇರೋ ಸಂಸ್ಕೃತ ಹೆಸರು ಅದು, ಮಂಗೋಲಿಯಾಕ್ಕೂ ಬೌದ್ಧ ಧರ್ಮದ ಜೊತೆ ಹೋಗಿದ್ದು. ಮಕ್ಕಳಿಗೆ ಹೇಳುವಾಗ ಒಂದು ಮಾತು ಸೇರಿಸಿ ಮೇಡಂ, ಕೂತಿದ್ದು ತಾಯಿನೇ ಅಂತ ಗ್ಯಾರಂಟಿ ಇಲ್ಲ. 2008ರಲ್ಲಿ ಬಂದ ಒಂದು ಅಧ್ಯಯನ ಗೂಡಿನ ಮೊಟ್ಟೆಗಳ ಒಟ್ಟು ಗಾತ್ರ, ಮೂಳೆಯ ಒಳರಚನೆ ನೋಡಿ ಕಾವು ಕೂರ್ತಿದ್ದು ಅಪ್ಪ ಇರಬಹುದು ಅಂತ ಹೇಳ್ತು, ಇವತ್ತಿಗೂ ಉಷ್ಟ್ರಪಕ್ಷಿ, ಎಮು ಜಾತಿಗಳಲ್ಲಿ ಗಂಡು ಕಾವು ಕೂರುತ್ತಲ್ಲ, ಹಾಗೆ.

ಪ್ರಶ್ನೆ: ಹಾಗಾದ್ರೆ ಪ್ರೊಟೊಸೆರಾಟಾಪ್ಸ್ ಮೊಟ್ಟೆ ಎಲ್ಲಿ ಹೋದ್ವು? ಅಷ್ಟೊಂದು ಮೂಳೆ ಸಿಕ್ಕಿದೆ ಅಂತೀರಿ. (ಶಿರಸಿಯಿಂದ)

ಉತ್ತರ: ಸರಿಯಾದ ಜಾಗಕ್ಕೇ ಕೈ ಹಾಕಿದ್ದೀರಿ. ಇದಕ್ಕೆ ಉತ್ತರ ಸಿಕ್ಕಿದ್ದು 2020ರಲ್ಲಿ. ಅವುಗಳ ಮೊಟ್ಟೆಗೆ ಗಟ್ಟಿ ಚಿಪ್ಪೇ ಇರಲಿಲ್ಲ, ಆಮೆ, ಹಾವಿನ ಮೊಟ್ಟೆ ಹಾಗೆ ಮೆತ್ತಗೆ ಚರ್ಮದ ಥರ ಇತ್ತು. ಉಖಾ ತೋಲ್ಗೋದ್‌ನಲ್ಲೇ ಸಿಕ್ಕ ಒಂದು ಗೂಡಲ್ಲಿ ಮರಿಗಳು ಒತ್ತೊತ್ತಾಗಿ ಮಲಗಿವೆ, ಸುತ್ತ ತೆಳು ಕಪ್ಪು ಪೊರೆಯ ಗುರುತು. ಮೊದಲಿಂದ ಎಲ್ಲರೂ ಗಟ್ಟಿ ಚಿಪ್ಪನ್ನೇ ಹುಡುಕ್ತಿದ್ರೆ ಇದು ಕಣ್ಣಿಗೆ ಬೀಳೋದು ಹೇಗೆ?

ಪ್ರಶ್ನೆ: ನಾನು ಕಟ್ಟಡ ಕಂಟ್ರಾಕ್ಟರ್, ದಿನಾ ಮರಳಿನ ಜೊತೆಗೇ ಇರೋನು. ಮರಳು ಬಿರುಗಾಳಿಗೆ ಪ್ರಾಣಿ ಓಡಿ ಹೋಗುತ್ತೆ ಇಲ್ಲಾ ಮೈ ಕೊಡವಿಕೊಂಡು ಏಳುತ್ತೆ, ಕೂತ ಭಂಗಿಯಲ್ಲೇ ಹೂತುಹೋಗೋದು ಹೇಗೆ ಸಾಧ್ಯ? (ಬಳ್ಳಾರಿಯಿಂದ)

ಉತ್ತರ: ಈ ವಾರ ಬಂದಿರೋದರಲ್ಲಿ ನನಗೆ ತುಂಬಾ ಇಷ್ಟ ಆದ ಪ್ರಶ್ನೆ ಇದು ಸಾರ್. ನಿಮಗೆ ಬಂದ ಅನುಮಾನವೇ ಭೂವಿಜ್ಞಾನಿಗಳಿಗೂ ಬಂದಿತ್ತು. ಬಹಳ ವರ್ಷ ಬಿರುಗಾಳಿ ಅಂತಾನೇ ಹೇಳ್ತಿದ್ರು. ಆಮೇಲೆ ಡೇವಿಡ್ ಲೂಪ್ ಮತ್ತೆ ಜೊತೆಯವರು ಉಖಾ ತೋಲ್ಗೋದ್‌ನಲ್ಲಿ ಕಲ್ಲನ್ನೇ ಹತ್ತಿರದಿಂದ ಓದಿದರು, 1998ರಲ್ಲಿ ಬರೆದರು. ಅಲ್ಲಿರೋ ಮರಳುಗಲ್ಲಲ್ಲಿ ಎರಡು ಥರ ಮುಖ್ಯ. ಒಂದರಲ್ಲಿ ಓರೆ ಓರೆಯಾಗಿ ಪದರ ಕಾಣುತ್ತೆ, ಅದು ಗಾಳಿ ಹೊತ್ತು ತಂದು ಪೇರಿಸಿದ ದಿಬ್ಬದ ಮರಳು. ಇನ್ನೊಂದರಲ್ಲಿ ಪದರವೇ ಇಲ್ಲ, ಕಲಸಿ ಸುರಿದ ಹಾಗೆ ಏಕಾಕಾರ. ಮಜಾ ಏನಂದ್ರೆ ಪದರ ಇರೋ ಕಲ್ಲಲ್ಲಿ ಡೈನೋಸಾರ್ ಹೆಜ್ಜೆ ಗುರುತು ಸಿಗುತ್ತೆ, ಅಂದ್ರೆ ಅವು ಆ ದಿಬ್ಬದ ಮೇಲೆ ಓಡಾಡ್ಕೊಂಡಿದ್ವು, ಆದ್ರೆ ಪೂರ್ತಿ ಅಸ್ಥಿಪಂಜರ ಸಿಗೋದು ಪದರ ಇಲ್ಲದ ಕಲ್ಲಲ್ಲಿ ಮಾತ್ರ. ಗಾಳಿಗೆ ಹೂತಿದ್ರೆ ಇದು ತಿರುವುಮುರುವಾಗಬೇಕಿತ್ತು, ಅಲ್ವಾ?

ಅವರು ಹೇಳೋದು ಹೀಗೆ. ಮರಳು ದಿಬ್ಬಗಳ ಮೇಲೆ ಗಿಡಗಂಟಿ ಬೆಳೆದು ಅವು ಕದಲದೆ ನಿಂತಿದ್ದ ಕಾಲ ಅದು. ಗಾಳಿ ತಂದ ಸುಣ್ಣದ ಧೂಳು ಮಳೆ ನೀರಿನ ಜೊತೆ ಇಳಿದು ಮೇಲಿನಿಂದ ಅರ್ಧ ಮೀಟರ್ ಆಸುಪಾಸು ಕೆಳಗೆ ಗಟ್ಟಿ ಪದರ ಕಟ್ಟಿತು. ಜೋರು ಮಳೆ ಬಂದಾಗ ನೀರು ಆ ಪದರ ದಾಟಿ ಇಳಿಯೋಕಾಗದೆ ಮೇಲಿನ ಮರಳಲ್ಲೇ ನಿಂತು, ಮರಳು ಭಾರ ಆಗಿ, ಇಳಿಜಾರಲ್ಲಿ ಪೂರ್ತಿ ಹಾಳೆ ಹಾಳೆಯಾಗಿ ಜಾರಿ ಕೆಳಗಿದ್ದ ಪ್ರಾಣಿಗಳ ಮೇಲೆ ಬಿತ್ತು. ನಿಮ್ಮ ಸೈಟಲ್ಲಿ ಜಲ್ಲಿ ಮರಳು ರಾಶಿ ಹಾಕಿಸಿ ಟಾರ್ಪಾಲ್ ಮುಚ್ಚೋದು ಮರೆತ ರಾತ್ರಿ ಮಳೆ ಹೊಡೆದ್ರೆ ಬೆಳಗ್ಗೆ ಹೋಗಿ ನೋಡಿ, ಒಣಗಿದ್ದಾಗ ಕಾಳು ಕಾಳಾಗಿ ಉರುಳೋ ಮರಳು ಈಗ ಒಂದು ಹೋಳು ಕತ್ತರಿಸಿದ ಹಾಗೆ ಕುಸಿದು ಕೂತಿರುತ್ತೆ, ಪಕ್ಕದಲ್ಲಿಟ್ಟಿದ್ದ ಬಾಂಡಲಿ, ಸಲಿಕೆ ಎಲ್ಲಾ ಇಟ್ಟ ಹಾಗೇ ಅದರ ಅಡಿ ಸೇರಿರುತ್ತೆ. ಅದನ್ನೇ ದೊಡ್ಡ ದಿಬ್ಬಕ್ಕೆ ಹೋಲಿಸ್ಕೊಳ್ಳಿ. ಮಳೆ ಬಂತು ಅಂತ ಮೊಟ್ಟೆ ಬಿಟ್ಟು ಏಳದೆ ಇನ್ನೂ ಅಗಲಕ್ಕೆ ತೋಳು ಚಾಚಿ ಕೂತ ಪ್ರಾಣಿಗೆ ಕ್ಷಣವೂ ಸಿಗಲಿಲ್ಲ.

ಇಲ್ಲಿ ಮೂಳೆಯಷ್ಟೇ ಮುಖ್ಯ ಅದರ ಸುತ್ತ ಇದ್ದ ಮರಳು ಅಂತ ಗಮನಿಸಿ. ಮೂಳೆ ಮಾತ್ರ ಕಿತ್ತು ತಂದಿದ್ರೆ ಬಿರುಗಾಳಿ ಕಥೆಯೇ ಉಳೀತಿತ್ತು. ಈ ಮಾತಿಗೆ ಕೆಳಗೆ ಮತ್ತೆ ಬರ್ತೀನಿ.

ಪ್ರಶ್ನೆ: ನಾನು 7ನೇ ಕ್ಲಾಸ್. ವೆಲಾಸಿರಾಪ್ಟರ್ ಮತ್ತು ಪ್ರೊಟೊಸೆರಾಟಾಪ್ಸ್ ಫೈಟ್ ಮಾಡೋವಾಗಲೇ ಕಲ್ಲಾಗಿದೆ ಅಂತ ನನ್ನ ಫ್ರೆಂಡ್ ಹೇಳ್ತಾನೆ. ನಿಜಾನಾ? ಯಾರು ಗೆದ್ರು? (ಮಂಡ್ಯದಿಂದ)

ಉತ್ತರ: ನಿಜ ಪುಟ್ಟಾ, ನಿನ್ನ ಫ್ರೆಂಡ್ ಸರಿಯಾಗೇ ಹೇಳಿದ್ದಾನೆ. 1971ರಲ್ಲಿ ಪೋಲೆಂಡ್ ಮತ್ತೆ ಮಂಗೋಲಿಯಾದ ವಿಜ್ಞಾನಿಗಳ ತಂಡಕ್ಕೆ ತುಗ್ರಿಕಿನ್ ಶಿರೇ ಅನ್ನೋ ಜಾಗದಲ್ಲಿ ಸಿಕ್ಕಿದ್ದು. ಆ ಪೋಲಿಷ್ ತಂಡಗಳನ್ನ ಕಟ್ಟಿ ನಡೆಸಿದವರು ಜೋಫಿಯಾ ಕೀಲನ್ ಯಾವೊರೊವ್ಸ್ಕಾ ಅನ್ನೋ ಮಹಿಳೆ, ಅವರ ಹೆಸರು ಬರೆದಿಟ್ಕೋ. ವೆಲಾಸಿರಾಪ್ಟರ್‌ನ ಬಲಗೈ ಪ್ರೊಟೊಸೆರಾಟಾಪ್ಸ್ ಕೊಕ್ಕಿನೊಳಗೆ ಸಿಕ್ಕಿಹಾಕ್ಕೊಂಡಿದೆ, ಎಡಗೈ ಅದರ ಮುಖ ಹಿಡಿದಿದೆ, ಕಾಲಿನ ಕುಡುಗೋಲಿನಂಥ ಉಗುರು ಅದರ ಕುತ್ತಿಗೆ ಹತ್ತಿರ. ಇಬ್ಬರೂ ಗೆಲ್ಲಲಿಲ್ಲ, ಜಗಳ ಮುಗಿಯೋಕೆ ಮುಂಚೆ ಇಬ್ಬರ ಮೇಲೂ ಮರಳು ಬಿತ್ತು.

ಇನ್ನೊಂದು ವಿಷಯ, ಸಿನಿಮಾದಲ್ಲಿ ಮನುಷ್ಯನಷ್ಟು ಎತ್ತರ ತೋರಿಸ್ತಾರಲ್ಲ, ನಿಜವಾದ ವೆಲಾಸಿರಾಪ್ಟರ್ ಸೊಂಟದ ಹತ್ತಿರ ಅರ್ಧ ಮೀಟರ್ ಎತ್ತರ ಅಷ್ಟೇ, ಬಾಲ ಸೇರಿ 2 ಮೀಟರ್ ಹತ್ತಿರ ಉದ್ದ. ಮೈಮೇಲೆ ಗರಿ ಬೇರೆ! 2007ರಲ್ಲಿ ಅದರ ಮುಂಗೈ ಮೂಳೆ ಮೇಲೆ ಸಾಲಾಗಿ ಪುಟ್ಟ ಪುಟ್ಟ ಉಬ್ಬು ಕಂಡ್ವು, ಹಕ್ಕಿಗಳಲ್ಲಿ ದೊಡ್ಡ ಗರಿ ಬೇರು ಬಿಡೋ ಜಾಗದಲ್ಲಿ ಇರೋ ಉಬ್ಬೇ ಅವು.

ಪ್ರಶ್ನೆ: 7 ಕೋಟಿ ವರ್ಷ ಅಂತ ಯಾರು ಎಣಿಸಿದ್ರು? ಕಾರ್ಬನ್ ಡೇಟಿಂಗ್ ಮಾಡಿದ್ರಾ? (ಮೈಸೂರಿನ ಪಿಯುಸಿ ವಿದ್ಯಾರ್ಥಿ)

ಉತ್ತರ: ಕಾರ್ಬನ್ ಇಲ್ಲಿ ಉಪಯೋಗಕ್ಕೆ ಬರಲ್ಲ, ಅದು ಸುಮಾರು 50 ಸಾವಿರ ವರ್ಷದ ಒಳಗಿನದ್ದಕ್ಕೆ ಮಾತ್ರ. ಜ್ವಾಲಾಮುಖಿ ಬೂದಿ ಪದರ ಇದ್ದಿದ್ರೆ ಅದರಲ್ಲಿರೋ ಖನಿಜದಿಂದ ನೇರವಾಗಿ ವಯಸ್ಸು ತೆಗೀಬಹುದಿತ್ತು, ಜಡೋಖ್ತದಲ್ಲಿ ಆ ಅನುಕೂಲ ಇಲ್ಲ. ಹಾಗಾಗಿ ಭೂಮಿಯ ಆಯಸ್ಕಾಂತವನ್ನ ಹಿಡ್ಕೊಂಡ್ರು. ಮರಳಿನ ಜೊತೆ ಕೂರೋ ಕಬ್ಬಿಣದ ಸೂಕ್ಷ್ಮ ಕಣಗಳು ಆಗ ಉತ್ತರ ಯಾವ ಕಡೆ ಇತ್ತೋ ಆ ಕಡೆ ತಿರುಗಿ ಹಾಗೇ ಗಟ್ಟಿಯಾಗ್ತವೆ. ಭೂಮಿಯ ಕಾಂತಧ್ರುವಗಳು ಆಗಾಗ ಅದಲು ಬದಲಾಗಿವೆ, ಆದ್ರೆ ಡೈನೋಸಾರ್ ಕಾಲದಲ್ಲಿ ಸುಮಾರು 12 ಕೋಟಿ ವರ್ಷದ ಹಿಂದಿನಿಂದ 8.3 ಕೋಟಿ ವರ್ಷದ ಹಿಂದಿನವರೆಗೆ ಬದಲಾಗದೆ ಒಂದೇ ಕಡೆ ನಿಂತಿದ್ವು. ಜಡೋಖ್ತದ ಕಲ್ಲಲ್ಲಿ ಧ್ರುವ ಅದಲುಬದಲಾದ ಗುರುತು ಇದೆ, ಅಂದ್ರೆ ಆ ದೀರ್ಘ ಕಾಲ ಮುಗಿದ ಮೇಲಿನದ್ದು. ಅದಕ್ಕೆ ಅಲ್ಲಿ ಸಿಕ್ಕ ಪ್ರಾಣಿಗಳನ್ನ ಬೇರೆ ಕಡೆಯವುಗಳ ಜೊತೆ ಹೋಲಿಸಿ ನೋಡಿದ್ರೆ 7.5 ಕೋಟಿಯಿಂದ 7.1 ಕೋಟಿ ವರ್ಷದ ಮಧ್ಯೆ ಬಂದು ನಿಲ್ಲುತ್ತೆ.

ಪ್ರಶ್ನೆ: ಪಳೆಯುಳಿಕೆ ಅಂದ್ರೆ ಯಾವಾಗ್ಲೂ ಮರುಭೂಮಿ ಹೆಸರೇ ಯಾಕೆ ಕೇಳಿಬರುತ್ತೆ? ನಮ್ಮ ಕರ್ನಾಟಕದಲ್ಲಿ ಡೈನೋಸಾರ್ ಇರಲೇ ಇಲ್ವಾ? (ತೀರ್ಥಹಳ್ಳಿಯಿಂದ)

ಉತ್ತರ: ಗೋಬಿ ವಿಷಯದಲ್ಲಿ ಮರುಭೂಮಿ ಎರಡು ಸಲ ಕೆಲಸ ಮಾಡಿದೆ. ಆಗಲೂ ಅದು ಮರಳು ದಿಬ್ಬ, ನಡುನಡುವೆ ಸಣ್ಣ ಹೊಂಡ ಇರೋ ಒಣ ಸೀಮೆ, ಮರಳು ಬಿದ್ದು ಪ್ರಾಣಿಗಳನ್ನ ಮುಚ್ಚಿಟ್ಟಿತು. ಈಗ ಗೋಬಿಯ ಗಾಳಿ, ಅಪರೂಪದ ಜೋರು ಮಳೆ ಅದೇ ಕಲ್ಲನ್ನ ಸ್ವಲ್ಪ ಸ್ವಲ್ಪ ಸವೆಸಿ ಬಿಚ್ಚಿಡ್ತಿದೆ. ಮೇಲೆ ಮಣ್ಣಿಲ್ಲ, ಕಾಡಿಲ್ಲ, ಕೆಂಪು ಕಲ್ಲಿನ ಮೇಲೆ ಬಿಳಿ ಮೂಳೆ ದೂರದಿಂದಲೇ ಕಾಣುತ್ತೆ. ನಿಮ್ಮ ಮಲೆನಾಡಲ್ಲಿ ಜಂಬಿಟ್ಟಿಗೆ, ಅದರ ಮೇಲೆ ಮಣ್ಣು, ಅದರ ಮೇಲೆ ಕಾಡು, ಕೆಳಗೆ ಏನಿದ್ರೂ ಯಾರಿಗೆ ಕಾಣಬೇಕು.

ಕರ್ನಾಟಕದ್ದು ಬೇರೆ ಕಾರಣಾನೂ ಇದೆ. ನಮ್ಮ ನೆಲದ ಬಹುಪಾಲು ಕಲ್ಲು ಡೈನೋಸಾರಿಗಿಂತ ಎಷ್ಟೋ ಹಳೇದು, ಲಾಲ್‌ಬಾಗ್ ಬಂಡೆಗೇ ಸುಮಾರು 300 ಕೋಟಿ ವರ್ಷ. ಉತ್ತರದ ಬೀದರ್, ವಿಜಯಪುರ ಕಡೆ ಡೆಕ್ಕನ್ ಲಾವಾ ಹರಿದಿದ್ದು ಡೈನೋಸಾರ್ ಕಾಲದ ಕೊನೆಯ ಹೊತ್ತಿಗೆ, ಸುಮಾರು 6.6 ಕೋಟಿ ವರ್ಷದ ಹಿಂದೆ, ಆದ್ರೆ ಲಾವಾದಲ್ಲಿ ಮೂಳೆ ಉಳಿಯಲ್ಲ. ಪ್ರಾಣಿ ಇದ್ದಿಲ್ಲ ಅಂತ ಅಲ್ಲ, ಅವನ್ನ ಹೂತು ಇಟ್ಕೊಳ್ಳೋ ಆ ಕಾಲದ ಹೂಳು, ಮರಳಿನ ಕಲ್ಲು ನಮ್ಮಲ್ಲಿ ಬಹಳ ಕಡಿಮೆ. ಡೈನೋಸಾರ್ ಬೇಕು ಅಂದ್ರೆ ಗುಜರಾತಿನ ಬಾಲಾಸಿನೋರ್, ಜಬಲ್‌ಪುರದ ಕಡೆ ಹೋಗಬೇಕು. ನಮ್ಮಲ್ಲಿ ಬಾಗಲಕೋಟೆಯ ಕಲಾದಗಿ ಸೀಮೆಯ ಸುಣ್ಣಕಲ್ಲಲ್ಲಿ ಸ್ಟ್ರೊಮಾಟೊಲೈಟ್ ಇವೆ, ಡೈನೋಸಾರಿಗಿಂತ ಎಷ್ಟೋ ಕೋಟಿ ವರ್ಷ ಮುಂಚೆ ಸೂಕ್ಷ್ಮಜೀವಿಗಳು ಪದರ ಪದರವಾಗಿ ಕಟ್ಟಿದ್ದು, ಈರುಳ್ಳಿ ಸೀಳಿದ ಹಾಗೆ ಕಾಣುತ್ತೆ.

ಪ್ರಶ್ನೆ: ಆನ್‌ಲೈನಲ್ಲಿ ಒಬ್ಬರು ಒರಿಜಿನಲ್ ಗೋಬಿ ಡೈನೋಸಾರ್ ಮೊಟ್ಟೆ ಅಂತ ಮಾರ್ತಿದ್ದಾರೆ, ಸರ್ಟಿಫಿಕೇಟ್ ಕೂಡ ಕೊಡ್ತಾರಂತೆ. ಮಗನ ಹುಟ್ಟುಹಬ್ಬಕ್ಕೆ ತಗೊಳ್ಳೋಣ ಅಂತಿದ್ದೀನಿ. (ಬೆಂಗಳೂರಿನಿಂದ)

ಉತ್ತರ: ದಯವಿಟ್ಟು ಬೇಡ. ಅದು ನಕಲಿ ಆಗಿದ್ರೆ ನಿಮ್ಮ ದುಡ್ಡು ಹೋಯ್ತು, ಅಸಲಿ ಆಗಿದ್ರೆ ಅದು ಕದ್ದ ಮಾಲು. ಮಂಗೋಲಿಯಾದ ಕಾನೂನಲ್ಲಿ ಪಳೆಯುಳಿಕೆ ದೇಶದ ಆಸ್ತಿ, ಹೊರಗೆ ಮಾರೋ ಹಾಗಿಲ್ಲ. 2012ರಲ್ಲಿ ನ್ಯೂಯಾರ್ಕಲ್ಲಿ ಗೋಬಿಯ ಟಾರ್ಬೋಸಾರಸ್ ಅನ್ನೋ ದೊಡ್ಡ ಮಾಂಸಾಹಾರಿ ಡೈನೋಸಾರ್‌ನ ಒಂದು ಅಸ್ಥಿಪಂಜರ 10 ಲಕ್ಷ ಡಾಲರ್ ಮೇಲೆ ಹರಾಜಾಯ್ತು. ಅದು ಜಡೋಖ್ತದ್ದಲ್ಲ, ಅದಕ್ಕಿಂತ ಸ್ವಲ್ಪ ಈಚಿನ ನೆಮೆಗ್ಟ್ ಸ್ತರದ್ದು. ಮಂಗೋಲಿಯಾದ ವಿಜ್ಞಾನಿ ಬೊಲೊರ್ತ್ಸೆತ್ಸೆಗ್ ಮಿಂಜಿನ್ ಇದು ನಮ್ಮ ನೆಲದ್ದು ಅಂತ ಗುರುತು ಹಿಡಿದು ಎಚ್ಚರಿಸಿದರು, ಅಲ್ಲಿನ ಅಧ್ಯಕ್ಷರೇ ತಡೆಯೋಕೆ ಮುಂದಾದರು, ಅಮೆರಿಕ ಸರ್ಕಾರ ಅದನ್ನ ಜಪ್ತಿ ಮಾಡಿ 2013ರಲ್ಲಿ ವಾಪಸ್ ಕೊಡ್ತು. ಉಲಾನ್‌ಬಾತರ್‌ನಲ್ಲಿ ಹಿಂದೆ ಲೆನಿನ್ ಮ್ಯೂಸಿಯಂ ಆಗಿದ್ದ ಕಟ್ಟಡವೇ ಆಮೇಲೆ ಡೈನೋಸಾರ್ ಮ್ಯೂಸಿಯಂ ಆಯ್ತು.

ಕಾನೂನು ಒಂದು ಕಡೆ ಇರಲಿ, ನನಗೆ ಹೊಟ್ಟೆ ಉರಿಯೋದು ಬೇರೆ ಕಾರಣಕ್ಕೆ. ಹಾಲ್ಸ್ಕರಾಪ್ಟರ್ ಅಂತ ಒಂದು ಪುಟ್ಟ ಡೈನೋಸಾರ್ ಇದೆ, ಬಾತುಕೋಳಿ ಗಾತ್ರ, ಹಂಸದ ಕತ್ತು. ಗೋಬಿಯಿಂದ ಕಳ್ಳತನದಲ್ಲಿ ಹೊರಗೆ ಹೋಗಿ ಖಾಸಗಿ ಸಂಗ್ರಹಗಳಲ್ಲಿ ಕೈಯಿಂದ ಕೈಗೆ ಓಡಾಡಿ ಕೊನೆಗೆ ವಿಜ್ಞಾನಿಗಳ ಹತ್ತಿರ ಬಂತು. ಎಲ್ಲಿ ಅಗೆದ್ರು, ಯಾವ ಪದರ, ಪಕ್ಕದಲ್ಲಿ ಏನಿತ್ತು, ಒಂದಕ್ಕೂ ದಾಖಲೆ ಇಲ್ಲ. ಎಷ್ಟರ ಮಟ್ಟಿಗೆ ಅಂದ್ರೆ ಎರಡು ಮೂರು ಪ್ರಾಣಿಯ ಮೂಳೆ ಅಂಟಿಸಿ ಮಾಡಿದ ನಕಲಿನಾ ಅಂತಾನೇ ಮೊದಲು ಅನುಮಾನ ಬಂದು, ಫ್ರಾನ್ಸಿನ ಗ್ರೆನೋಬಲ್‌ನಲ್ಲಿರೋ ತುಂಬಾ ಜೋರು ಎಕ್ಸ್‌ರೇ ಹುಟ್ಟಿಸೋ ದೊಡ್ಡ ಯಂತ್ರವಾದ ಸಿಂಕ್ರೊಟ್ರಾನ್‌ಗೆ ಹೊತ್ಕೊಂಡು ಹೋಗಿ ಎಕ್ಸ್‌ರೇ ಹಾಯಿಸಿ ಅಸಲಿ ಅಂತ ಸಾಬೀತು ಮಾಡಬೇಕಾಯ್ತು. 2017ರಲ್ಲಿ ಹೆಸರಿಟ್ರು. ಕಲ್ಲಿನ ಲಕ್ಷಣ ನೋಡಿ ಉಖಾ ತೋಲ್ಗೋದ್‌ದು ಅಂತ ಊಹೆ ಮಾಡಿದ್ರು, ಅಷ್ಟೇ. ಅದು ಹೇಗೆ ಸತ್ತಿತು, ಯಾವ ಥರ ಮರಳಿನಡಿ ಇತ್ತು, ಪಕ್ಕದಲ್ಲಿ ಮೊಟ್ಟೆ ಇದ್ವಾ ಅನ್ನೋದು ಅಗೆದ ದಿನವೇ ಹೋಯ್ತು. ಮೇಲೆ ಹೇಳಿದ ಚಿತಿಪತಿ ಗೂಡನ್ನ ಕಳ್ಳರು ಮೊದಲು ನೋಡಿದ್ರೆ ಏನಾಗ್ತಿತ್ತು ಯೋಚನೆ ಮಾಡಿ, ಮೊಟ್ಟೆ ಒಂದೊಂದೂ ಬಿಡಿ ಬಿಡಿಯಾಗಿ ಒಬ್ಬೊಬ್ಬರ ಶೋಕೇಸಿಗೆ ಹೋಗ್ತಿತ್ತು, ಮೂಳೆ ಇನ್ನೆಲ್ಲೋ, ಆ ಪ್ರಾಣಿ ಇವತ್ತಿಗೂ ಕಳ್ಳ ಅನ್ನಿಸ್ಕೊಂಡೇ ಇರ್ತಿತ್ತು.

ಈ ಚಟಕ್ಕೆ ಶುರುವಿನಲ್ಲೇ ಒಂದು ಕಹಿ ಉದಾಹರಣೆ ಇದೆ. ಆಂಡ್ರೂಸ್ ಯಾತ್ರೆಗೆ ದುಡ್ಡು ಎತ್ತೋಕೆ ಅಂತ ಒಂದು ಮೊಟ್ಟೆಯನ್ನ ಹರಾಜಿಗೆ ಇಟ್ಟು 5,000 ಡಾಲರ್‌ಗೆ ಮಾರಿದರು. ಸುದ್ದಿ ಏಷ್ಯಾಕ್ಕೆ ಮುಟ್ಟಿದಾಗ ಒಂದೊಂದು ಮೊಟ್ಟೆಗೂ ಅಷ್ಟು ಬೆಲೆ ಇರೋ ಮಾಲನ್ನ ಇವರು ಸಾಗಿಸ್ತಿದ್ದಾರೆ ಅಂತ ಅಲ್ಲಿಯವರಿಗೆ ಅನುಮಾನ ಬಂದು ಮುಂದಿನ ಕೆಲಸವೇ ಕಷ್ಟ ಆಯ್ತು, ಅವರೂ ಆಮೇಲೆ ಪಶ್ಚಾತ್ತಾಪ ಪಟ್ಟರು. ನಿಮ್ಮ ಮಗನಿಗೆ ಒಳ್ಳೇ ಪ್ಲಾಸ್ಟರ್ ಮಾದರಿ ಕೊಡಿಸಿ, ಜೊತೆಗೆ ಆ ಗೂಡಿನ ಕಥೆ ಹೇಳಿ.

ಪ್ರಶ್ನೆ: ನಾವು ನಾಲ್ಕು ಜನ ರಿಟೈರ್ ಆದವರು ಮಂಗೋಲಿಯಾ ಟೂರ್ ಹೋಗ್ತಿದ್ದೀವಿ, ಬಯಾನ್‌ಜಾಗ್ ನೋಡಬಹುದಾ? (ಹುಬ್ಬಳ್ಳಿಯಿಂದ)

ಉತ್ತರ: ಖಂಡಿತ ನೋಡಿ. ದಕ್ಷಿಣ ಗೋಬಿಯ ದಲಾನ್‌ಜದ್ಗದ್ ಊರಿಂದ ಜೀಪಲ್ಲಿ ಹೋಗ್ತಾರೆ, ಹೆಚ್ಚಿನ ದಾರಿ ಮಣ್ಣಿನದು, ಸೊಂಟನೋವು ಇರೋರು ಬೆಲ್ಟ್ ಹಾಕ್ಕೊಳ್ಳಿ. ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಹೋಗಿ, ಚಳಿಗಾಲ ಅಲ್ಲಿ ತಡೆಯೋಕಾಗಲ್ಲ. ಜಾಗ್ ಅಂದ್ರೆ ಅಲ್ಲಿನ ಸಕ್ಸಾಲ್ ಗಿಡ, ಬಯಾನ್ ಅಂದ್ರೆ ಸಮೃದ್ಧಿ, ಬಂಡೆಗಳ ಕೆಳಗೆ ಆ ಗಿಡಗಳ ಸಣ್ಣ ಕಾಡೇ ಇದೆ, ಅದನ್ನೂ ನೋಡದೆ ಬರಬೇಡಿ. ಸಂಜೆ ಹೊತ್ತಿಗೆ ತಲುಪೋ ಹಾಗೆ ಡ್ರೈವರ್‌ಗೆ ಮೊದಲೇ ಹೇಳಿಡಿ, ಮಧ್ಯಾಹ್ನದ ಬಿಸಿಲಲ್ಲಿ ಅದು ಬರೀ ಕಿತ್ತಳೆ ಮಣ್ಣಿನ ಥರ ಕಾಣುತ್ತೆ.

ಅಂಚಿನ ಮರಳು ಸಡಿಲ, ತುದಿಗೆ ಹೋಗಿ ಸೆಲ್ಫಿ ತೆಗೀಬೇಡಿ. ನಡೆಯುವಾಗ ಕಾಲಡಿ ಉಗುರಿನಷ್ಟು ಚಿಪ್ಪಿನ ಚೂರೋ ಬಿಳಿ ಮೂಳೆಯ ತುಣುಕೋ ಕಂಡ್ರೆ ಬಗ್ಗಿ ನೋಡಿ, ಫೋಟೋ ತೆಗೀರಿ, ಗೈಡ್‌ಗೆ ತೋರಿಸಿ, ಆದ್ರೆ ಎತ್ತಬೇಡಿ, ಇದ್ದ ಜಾಗದಲ್ಲೇ ಇರಲಿ. ವಾಪಸ್ ಬಂದ ಮೇಲೆ ಫೋಟೋಗಳನ್ನ ಖಂಡಿತ ಕಳಿಸಿ, ಈ ಅಂಕಣದಲ್ಲೇ ಹಾಕ್ತೀನಿ.